ಬಿತ್ತನೆಗೆ ಮುನ್ನ ಬೇಕಾದ ಭರವಸೆ: ನೆರೆಯ ದೇಶಗಳ ವ್ಯಾಪಾರ ಮತ್ತು ಬೆಂಗಳೂರು ರೋಸ್ ಈರುಳ್ಳಿ



2025ರ ಏಪ್ರಿಲ್ 1ರಿಂದ ಈರುಳ್ಳಿಯ ಮೇಲಿನ ರಫ್ತು ಸುಂಕವನ್ನು ಕೇಂದ್ರ ಸರ್ಕಾರವು ಪೂರ್ಣವಾಗಿ ತೆಗೆದುಹಾಕಿತು. 2023ರ ಆಗಸ್ಟ್‌ನಲ್ಲಿ ಆರಂಭವಾದ ಸುಂಕ, ಕನಿಷ್ಠ ರಫ್ತು ಬೆಲೆ ಮತ್ತು ನಿಷೇಧಗಳ ಸರಣಿಯು ಅಲ್ಲಿಗೆ ಮುಗಿಯಿತು. ಚಿಕ್ಕಬಳ್ಳಾಪುರ, ಕೋಲಾರ ಮತ್ತು ಬೆಂಗಳೂರು ಗ್ರಾಮಾಂತರ ಜಿಲ್ಲೆಗಳ ರೋಸ್ ಈರುಳ್ಳಿ ಬೆಳೆಗಾರರಿಗೆ ಇದು ಸಮಾಧಾನದ ಸಂಗತಿ. ಆದರೆ ಇಂತಹ ಸಮಾಧಾನವು ಹಿಂದೆಯೂ ಹಲವು ಬಾರಿ ದೊರೆತು, ಮತ್ತೆ ಕೈತಪ್ಪಿದೆ. ನಿಷೇಧವಿಲ್ಲದ ಕಾಲದಲ್ಲಿಯೇ ಮುಂದಿನ ನಿಷೇಧದ ಕುರಿತು ವಿಚಾರ ಮಾಡುವುದು ವಿವೇಕ. ನೆರೆಯ ದೇಶಗಳೊಡನೆ ಭಾರತವು ಮಾಡಿಕೊಂಡ ಆರ್ಥಿಕ ಒಪ್ಪಂದಗಳು ನಮ್ಮ ಹೊಲದವರೆಗೆ ಏಕೆ ತಲುಪುತ್ತಿಲ್ಲ ಮತ್ತು ತಲುಪಬೇಕಾದರೆ ಏನು ಆಗಬೇಕು ಎಂಬುದನ್ನು ಈ ಲೇಖನದಲ್ಲಿ ಪರಿಶೀಲಿಸಲಾಗಿದೆ.

ನೆರೆಯವರಿಗಾಗಿಯೇ ಬೆಳೆಯುವ ಬೆಳೆ

ಬೆಂಗಳೂರು ರೋಸ್ ಈರುಳ್ಳಿಯು ಗಾತ್ರದಲ್ಲಿ ಸಣ್ಣದು, ಬಣ್ಣದಲ್ಲಿ ಗಾಢ ಕೆಂಪು, ಘಾಟು ಹೆಚ್ಚು. 2015ರಲ್ಲಿ ಇದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಹೆಸರಿನಲ್ಲಿ ಬೆಂಗಳೂರು ಇದ್ದರೂ ಬೆಂಗಳೂರಿನ ಅಡುಗೆಮನೆಯಲ್ಲಿ ಇದರ ಬಳಕೆ ಅತ್ಯಲ್ಪ. 1927ರಲ್ಲಿ ಕಟ್ಟಲಾದ ಶಿವಾಜಿನಗರದ ರಸೆಲ್ ಮಾರುಕಟ್ಟೆಯಲ್ಲಾಗಲಿ, ಹಲಸೂರಿನ ಅಂಗಡಿಗಳಲ್ಲಾಗಲಿ ಗ್ರಾಹಕರು ಸಾಮಾನ್ಯವಾಗಿ ಕೊಳ್ಳುವುದು ದಪ್ಪ ಈರುಳ್ಳಿಯನ್ನು ಅಥವಾ ಸಾಂಬಾರ್ ಈರುಳ್ಳಿಯನ್ನು. ರೋಸ್ ಈರುಳ್ಳಿಯ ಬಹುಪಾಲು ಶ್ರೀಲಂಕಾ, ಮಲೇಷ್ಯಾ, ಸಿಂಗಪುರ, ಇಂಡೋನೇಷ್ಯಾ, ಬಾಂಗ್ಲಾದೇಶ ಮೊದಲಾದ ದೇಶಗಳಿಗೆ ಹೋಗುತ್ತದೆ. ಬೇರೆ ತರಕಾರಿಗೆ ವಿದೇಶದಲ್ಲಿ ಬೇಡಿಕೆ ಕುಸಿದರೆ ಊರಿನ ಸಂತೆಯಾದರೂ ಇರುತ್ತದೆ. ಈ ಬೆಳೆಗೆ ಆ ಅನುಕೂಲ ಬಹಳ ಕಡಿಮೆ.

ಈ ಸರಕು ಸಾಗುವ ದಿಕ್ಕೂ ಹಳೆಯದು. 1864ರಲ್ಲಿ ಮದ್ರಾಸಿನ ಕಡೆಯ ರೈಲು ಮಾರ್ಗವು ಬೆಂಗಳೂರು ದಂಡು ನಿಲ್ದಾಣವನ್ನು ತಲುಪಿತು. ಹಲಸೂರಿನಿಂದ ಇಂದಿರಾನಗರದ ಅಂಚನ್ನು ಹಾದು, ಕೃಷ್ಣರಾಜಪುರದ ಮೂಲಕ ಹೊಸಕೋಟೆ ಮತ್ತು ಕೋಲಾರದತ್ತ ಸಾಗುವ ಹಳೆ ಮದ್ರಾಸ್ ರಸ್ತೆಯೂ ಅದೇ ಬಂದರಿನ ದಾರಿ. ದೇಶದ ಮೊದಲ ಒಳನಾಡು ಕಂಟೇನರ್ ಡಿಪೋ 1981ರಲ್ಲಿ ಆರಂಭವಾದದ್ದೂ ಬೆಂಗಳೂರಿನಲ್ಲಿಯೇ. ಇಂದು ಕೃಷ್ಣರಾಜಪುರದ ಆಚೆಯ ವೈಟ್‌ಫೀಲ್ಡ್‌ನಲ್ಲಿರುವ ಡಿಪೋ ಆ ಕೆಲಸವನ್ನು ಮುಂದುವರಿಸುತ್ತಿದೆ. ನಗರದ ಪೂರ್ವ ಭಾಗವು ಇಂದು ತಂತ್ರಾಂಶ ಕಚೇರಿಗಳಿಂದ ಹೆಸರಾಗಿದ್ದರೂ, ಕೃಷಿಕನ ದೃಷ್ಟಿಯಲ್ಲಿ ಅದು ಚೆನ್ನೈ ಬಂದರಿಗೆ ತೆರೆದ ಹೆಬ್ಬಾಗಿಲು. ರಸ್ತೆ, ರೈಲು ಮತ್ತು ಬಂದರುಗಳಿಗೆ ಕೊರತೆಯಿಲ್ಲ. ಕೊರತೆ ಇರುವುದು ಬೇರೆಡೆ.

ಒಪ್ಪಂದಗಳು ಏನನ್ನು ಕೊಟ್ಟಿವೆ

ದಕ್ಷಿಣ ಏಷ್ಯಾದ ದೇಶಗಳ ಸಹಕಾರ ಸಂಘಟನೆಯಾದ ಸಾರ್ಕ್ 1985ರ ಡಿಸೆಂಬರ್ 8ರಂದು ಢಾಕಾದಲ್ಲಿ ಸ್ಥಾಪನೆಯಾಯಿತು. ಅದರ ಎರಡನೆಯ ಶೃಂಗಸಭೆ 1986ರ ನವೆಂಬರ್ 16 ಮತ್ತು 17ರಂದು ನಮ್ಮ ಬೆಂಗಳೂರಿನಲ್ಲಿಯೇ ನಡೆಯಿತು. ಕಠ್ಮಂಡುವಿನಲ್ಲಿ ಸಂಘಟನೆಯ ಕಾರ್ಯಾಲಯವನ್ನು ಸ್ಥಾಪಿಸುವ ಒಡಂಬಡಿಕೆಗೆ ಸಹಿ ಬಿದ್ದದ್ದು ಈ ನಗರದಲ್ಲಿ. ಮುಂದಿನ ವರ್ಷದ ಕಠ್ಮಂಡು ಸಭೆಯಲ್ಲಿ ಆಹಾರ ಭದ್ರತಾ ದಾಸ್ತಾನಿನ ಒಪ್ಪಂದವಾಯಿತು. ಸಾಫ್ಟಾ ಎಂದು ಕರೆಯಲಾಗುವ ದಕ್ಷಿಣ ಏಷ್ಯಾ ಮುಕ್ತ ವ್ಯಾಪಾರ ಒಪ್ಪಂದಕ್ಕೆ 2004ರಲ್ಲಿ ಸಹಿಯಾಗಿ, ಅದು 2006ರ ಜನವರಿ 1ರಿಂದ ಜಾರಿಗೆ ಬಂದಿತು.

ಇದರ ಹೊರತಾಗಿ ಭಾರತ ಮತ್ತು ಶ್ರೀಲಂಕಾ 1998ರಲ್ಲಿ ಸಹಿ ಮಾಡಿದ ಮುಕ್ತ ವ್ಯಾಪಾರ ಒಪ್ಪಂದವು 2000ದ ಮಾರ್ಚ್‌ನಿಂದ ಜಾರಿಯಲ್ಲಿದೆ. ಮಲೇಷ್ಯಾ, ಸಿಂಗಪುರ ಮತ್ತು ಇಂಡೋನೇಷ್ಯಾಗಳನ್ನು ಒಳಗೊಂಡ ಆಸಿಯಾನ್ ಕೂಟದೊಡನೆ ಸರಕು ವ್ಯಾಪಾರದ ಒಪ್ಪಂದ 2010ರಲ್ಲಿ ಜಾರಿಗೆ ಬಂದಿತು. ಸಾರ್ಕ್ ಶೃಂಗಸಭೆಗಳು 2014ರ ನಂತರ ನಡೆದಿಲ್ಲ. ಬಂಗಾಳ ಕೊಲ್ಲಿಯ ಸುತ್ತಲಿನ ಏಳು ದೇಶಗಳ ಬಿಮ್‌ಸ್ಟೆಕ್ ಕೂಟವು 2004ರಲ್ಲಿಯೇ ಮುಕ್ತ ವ್ಯಾಪಾರದ ಚೌಕಟ್ಟನ್ನು ಒಪ್ಪಿಕೊಂಡರೂ ಅದಿನ್ನೂ ಪೂರ್ಣ ಒಪ್ಪಂದದ ರೂಪ ಪಡೆದಿಲ್ಲ.

ಈ ಎಲ್ಲ ಒಪ್ಪಂದಗಳಲ್ಲಿ ಒಂದು ಸಮಾನ ಲಕ್ಷಣವಿದೆ. ಸರಕನ್ನು ಕೊಳ್ಳುವ ದೇಶವು ಎಷ್ಟು ಆಮದು ಸುಂಕ ವಿಧಿಸಬೇಕು ಎಂಬುದರ ಮೇಲೆಯೇ ಅವುಗಳ ಗಮನವೆಲ್ಲ ಕೇಂದ್ರೀಕೃತವಾಗಿದೆ. ಮಾರುವ ದೇಶವು ತನ್ನ ಬಾಗಿಲನ್ನು ಯಾವಾಗ ಮುಚ್ಚಬಹುದು, ಮುಚ್ಚುವ ಮೊದಲು ಎಷ್ಟು ದಿನ ತಿಳಿಸಬೇಕು ಎಂಬ ವಿಷಯದಲ್ಲಿ ಅವು ಬೆಳೆಗಾರನಿಗೆ ನೆರವಾಗುವಂತಹ ಕಟ್ಟುಪಾಡನ್ನು ಹಾಕಿಲ್ಲ. ರೋಸ್ ಈರುಳ್ಳಿಗೆ ಪದೇ ಪದೇ ಪೆಟ್ಟು ಬಿದ್ದಿರುವುದು ಈ ಎರಡನೆಯ ಕಡೆಯಿಂದ.

ಆದೇಶ ಮತ್ತು ವಿನಾಯಿತಿಯ ನಡುವಿನ ದಿನಗಳು

ಕಳೆದ ಕೆಲವು ವರ್ಷಗಳ ದಿನಾಂಕಗಳನ್ನು ಒಂದೆಡೆ ಇಟ್ಟು ನೋಡಿದರೆ ಚಿತ್ರವು ಸ್ಪಷ್ಟವಾಗುತ್ತದೆ.

• 2019ರ ಸೆಪ್ಟೆಂಬರ್ 29ರಂದು ಎಲ್ಲ ಈರುಳ್ಳಿಯ ರಫ್ತನ್ನು ನಿಷೇಧಿಸಲಾಯಿತು. ಅಕ್ಟೋಬರ್ 28ರಂದು 9,000 ಟನ್ ರೋಸ್ ಈರುಳ್ಳಿಗೆ, ನವೆಂಬರ್ 30ರ ಗಡುವಿನೊಡನೆ, ಚೆನ್ನೈ ಬಂದರಿನ ಮೂಲಕ ಮಾತ್ರ ಅನುಮತಿ ದೊರೆಯಿತು. ನಡುವೆ ಕಳೆದದ್ದು 29 ದಿನ.

• 2020ರ ಸೆಪ್ಟೆಂಬರ್ 14ರಂದು ಮತ್ತೆ ನಿಷೇಧ. ಅಕ್ಟೋಬರ್ 9ರಂದು 10,000 ಟನ್ ರೋಸ್ ಈರುಳ್ಳಿಗೆ ಮತ್ತು ಆಂಧ್ರಪ್ರದೇಶದ 10,000 ಟನ್ ಕೃಷ್ಣಾಪುರಂ ಈರುಳ್ಳಿಗೆ ಅನುಮತಿ. ನಡುವೆ 25 ದಿನ.

• 2023ರ ಆಗಸ್ಟ್ 19ರಂದು ಶೇ. 40ರ ರಫ್ತು ಸುಂಕ. ಸೆಪ್ಟೆಂಬರ್ 29ರಂದು ರೋಸ್ ಈರುಳ್ಳಿಗೆ ವಿನಾಯಿತಿ. ನಡುವೆ 41 ದಿನ.

• 2023ರ ಡಿಸೆಂಬರ್ 8ರಿಂದ ಸುಮಾರು ಐದು ತಿಂಗಳ ಕಾಲ ಈರುಳ್ಳಿ ರಫ್ತಿಗೆ ನಿಷೇಧ. 2024ರ ಮೇ 4ರಂದು ನಿಷೇಧ ತೆರವಾದರೂ ಶೇ. 40ರ ಸುಂಕ ಉಳಿಯಿತು. ಮೇ 29ರಂದು ರೋಸ್ ಈರುಳ್ಳಿಗೆ ಸುಂಕದಿಂದ ವಿನಾಯಿತಿ. ನಡುವೆ 25 ದಿನ.

ನಾಲ್ಕು ಸಂದರ್ಭಗಳಲ್ಲಿಯೂ ಸರ್ಕಾರವು ಕೊನೆಗೆ ಒಂದೇ ತೀರ್ಮಾನಕ್ಕೆ ಬಂದಿದೆ: ಈ ಬೆಳೆಯು ಸಾಮಾನ್ಯ ಈರುಳ್ಳಿಗಿಂತ ಭಿನ್ನ, ಇದಕ್ಕೆ ಪ್ರತ್ಯೇಕ ನಿಯಮ ಬೇಕು. ಆದರೆ ಆ ತೀರ್ಮಾನಕ್ಕೆ ಬರಲು ಪ್ರತಿ ಬಾರಿಯೂ ಸರಾಸರಿ 30 ದಿನ ಹಿಡಿದಿದೆ. ರೋಸ್ ಈರುಳ್ಳಿಯು ಸುಮಾರು ನೂರು ದಿನಗಳ ಬೆಳೆ. ಬಲಿತ ಗೆಡ್ಡೆಯನ್ನು ನೆಲದಲ್ಲಿ ಬಿಟ್ಟರೆ ಹಾಳಾಗುತ್ತದೆ, ಕಿತ್ತು ರಾಶಿ ಹಾಕಿದರೆ ಮೊಳಕೆಯೊಡೆಯುತ್ತದೆ ಅಥವಾ ಕೊಳೆಯುತ್ತದೆ. ಗಾಳಿಯಾಡುವ ಸುಸಜ್ಜಿತ ಉಗ್ರಾಣವು ಎಲ್ಲ ಸಣ್ಣ ಹಿಡುವಳಿದಾರರಿಗೆ ಇಲ್ಲ. ಹಾಗಾಗಿ ವಿನಾಯಿತಿ ಬರುವ ಹೊತ್ತಿಗೆ ಅನೇಕ ಬೆಳೆಗಾರರು ಸಿಕ್ಕ ಬೆಲೆಗೆ ಸರಕನ್ನು ಕೊಟ್ಟು ಕೈತೊಳೆದುಕೊಂಡಿರುತ್ತಾರೆ. ವಿನಾಯಿತಿಯ ಲಾಭವು ಆ ವೇಳೆಗೆ ದಾಸ್ತಾನು ಹೊಂದಿದವರ ಪಾಲಾಗುತ್ತದೆ.

ಮತ್ತೊಂದು ಸೂಕ್ಷ್ಮವನ್ನೂ ಗಮನಿಸಬೇಕು. ನಿಷೇಧಕ್ಕೆ ಮೊದಲೇ ಒಪ್ಪಂದ ಮಾಡಿಕೊಂಡ ಸರಕಿಗೆ ಸಾಮಾನ್ಯವಾಗಿ ದೊರೆಯಬಹುದಾದ ಪರಿವರ್ತನಾ ಅವಧಿಯ ರಕ್ಷಣೆಯು ಅನ್ವಯಿಸುವುದಿಲ್ಲವೆಂದು 2020ರ ನಿಷೇಧದ ಅಧಿಸೂಚನೆಯಲ್ಲಿ ಹೇಳಲಾಗಿತ್ತು. ಇಂತಹ ಷರತ್ತಿನ ಭಾರವು ಮೊದಲು ರಫ್ತುದಾರನ ಮೇಲೆ ಬೀಳುತ್ತದೆ, ಅವನಿಂದ ಖರೀದಿದಾರ ಮಧ್ಯವರ್ತಿಗೆ, ಕೊನೆಗೆ ಹೊಲಕ್ಕೆ ಇಳಿಯುತ್ತದೆ.

ನೆರೆಯವರ ಕಡೆಯಿಂದ ನೋಡಿದಾಗ

ಸಹಕಾರವೆಂಬುದು ಎರಡೂ ಕಡೆಯ ಹಿತವನ್ನು ಒಳಗೊಳ್ಳಬೇಕು. 2019ರ ಅಕ್ಟೋಬರ್‌ನಲ್ಲಿ ದೆಹಲಿಗೆ ಬಂದಿದ್ದ ಬಾಂಗ್ಲಾದೇಶದ ಅಂದಿನ ಪ್ರಧಾನಿ ಶೇಖ್ ಹಸೀನಾ ಅವರು, ಈರುಳ್ಳಿ ನಿಲ್ಲಿಸುವ ಮುನ್ನ ತಿಳಿಸಿದ್ದರೆ ಬೇರೆ ವ್ಯವಸ್ಥೆ ಮಾಡಿಕೊಳ್ಳುತ್ತಿದ್ದೆವು ಎಂಬ ಅರ್ಥದಲ್ಲಿ ನಗುತ್ತಲೇ ದೂರಿದ್ದರು. ಅದು ಹಾಸ್ಯವಾದರೂ ಅದರ ಹಿಂದಿನ ಮಾತು ಗಂಭೀರ. ನಮ್ಮ ನಿಷೇಧಗಳ ಕಾಲದಲ್ಲಿ ನೆರೆಯ ದೇಶಗಳು ಪಾಕಿಸ್ತಾನ, ಚೀನಾ, ಈಜಿಪ್ಟ್, ಟರ್ಕಿಗಳಿಂದ ಈರುಳ್ಳಿ ತರಿಸಿಕೊಂಡವು. ಹೊಸ ವರ್ತಕರೊಡನೆ ಬೆಳೆದ ಸಂಬಂಧವು ನಮ್ಮ ನಿಷೇಧ ತೆರವಾದೊಡನೆ ಕಡಿದುಹೋಗುವುದಿಲ್ಲ. ನಿಷೇಧದ ನಷ್ಟವು ಆ ಒಂದು ಹಂಗಾಮಿಗೆ ಮುಗಿಯುವಂಥದ್ದಲ್ಲ.

ಶ್ರೀಲಂಕಾಗೂ ತನ್ನ ರೈತರ ಚಿಂತೆಯಿದೆ. ದಂಬುಲ್ಲ ಮತ್ತು ಮಾತಲೆ ಭಾಗದಲ್ಲಿ ಈರುಳ್ಳಿ ಕೊಯ್ಲಿಗೆ ಬರುವಾಗ ಆ ದೇಶವು ವಿಶೇಷ ಸರಕು ತೆರಿಗೆಯನ್ನು ಏರಿಸಿ ಆಮದನ್ನು ತಗ್ಗಿಸುವುದುಂಟು. ಮುಕ್ತ ವ್ಯಾಪಾರ ಒಪ್ಪಂದವಿದ್ದರೂ ಹಲವು ಕೃಷಿ ಪದಾರ್ಥಗಳನ್ನು ಅದು ರಿಯಾಯಿತಿಯಿಂದ ಹೊರಗಿಟ್ಟಿದೆ. 2022ರಲ್ಲಿ ಆ ದೇಶದ ವಿದೇಶಿ ವಿನಿಮಯ ಬರಿದಾದಾಗ ಆಹಾರದ ಕಂಟೇನರುಗಳು ಕೊಲಂಬೊ ಬಂದರಿನಲ್ಲಿ ನಿಂತುಬಿಟ್ಟವು. ಭಾರತವು ಆಹಾರ ಮತ್ತು ಔಷಧಿಗಳ ಖರೀದಿಗೆಂದು 100 ಕೋಟಿ ಡಾಲರ್ ಸಾಲದ ನೆರವು ನೀಡಿತು. ನೆರೆಯ ದೇಶದ ಖಜಾನೆ ಬರಿದಾದರೆ ಅದರ ಬಿಸಿ ಚಿಂತಾಮಣಿಯ ಹೊಲಕ್ಕೂ ತಟ್ಟುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ನಾವೂ ನೆರೆಯವರ ಮುಂದೆ ಕೈಚಾಚಿದ್ದುಂಟು. 2023ರಲ್ಲಿ ಟೊಮೆಟೊ ಬೆಲೆ ಗಗನಕ್ಕೇರಿದಾಗ ನೇಪಾಳದಿಂದ ಟೊಮೆಟೊ ತರಿಸಲಾಗುತ್ತಿದೆ ಎಂದು ಆಗಸ್ಟ್‌ನಲ್ಲಿ ಸಂಸತ್ತಿಗೆ ತಿಳಿಸಲಾಯಿತು. ನಾವೂ ಆಮದಿಗೆ ಅಂಜುವುದುಂಟು. ಶ್ರೀಲಂಕಾದ ಮಾರ್ಗವಾಗಿ ಅಗ್ಗದ ಕಾಳುಮೆಣಸು ಬರುತ್ತಿದೆ ಎಂದು ಕೊಡಗು, ಚಿಕ್ಕಮಗಳೂರಿನ ಬೆಳೆಗಾರರು ದೂರಿದಾಗ, 2017ರ ಡಿಸೆಂಬರ್‌ನಲ್ಲಿ ಕಿಲೋಗೆ 500 ರೂಪಾಯಿಯ ಕನಿಷ್ಠ ಆಮದು ಬೆಲೆಯನ್ನು ನಿಗದಿ ಮಾಡಲಾಯಿತು. ಮೆಣಸಿನ ಬೆಳೆಗಾರನಿಗೆ ಅನ್ಯಾಯವಾಗಬಾರದೆಂದು ಕೇಳುವ ನಾವು ದಂಬುಲ್ಲದ ರೈತನ ಅದೇ ಕೋರಿಕೆಯನ್ನು ತಪ್ಪೆನ್ನಲಾಗದು. ಎರಡೂ ಕಡೆಯವರಿಗೆ ಬೇಕಾದುದು ಒಂದೇ: ಎಷ್ಟು ಸರಕು, ಯಾವ ತಿಂಗಳಲ್ಲಿ, ಯಾವ ನಿಯಮದಡಿ ಗಡಿ ದಾಟುತ್ತದೆ ಎಂಬುದರ ಮುಂಚಿತ ಅರಿವು.

ಮಾದರಿ ನಮ್ಮಲ್ಲಿಯೇ ಇದೆ

ಇಂತಹ ಮುಂಚಿತ ಭರವಸೆ ಕೇವಲ ಕಲ್ಪನೆಯಲ್ಲ. 1981ರ ವ್ಯಾಪಾರ ಒಪ್ಪಂದದ ಅನ್ವಯ ಭಾರತವು ಮಾಲ್ಡೀವ್ಸ್‌ಗೆ ಅಕ್ಕಿ, ಗೋಧಿ ಹಿಟ್ಟು, ಸಕ್ಕರೆ, ಮೊಟ್ಟೆ, ಆಲೂಗಡ್ಡೆ ಮತ್ತು ಈರುಳ್ಳಿಯ ನಿರ್ದಿಷ್ಟ ಪ್ರಮಾಣವನ್ನು ಮುಂಚಿತವಾಗಿ ಘೋಷಿಸುತ್ತ ಬಂದಿದೆ. 2024ರ ಏಪ್ರಿಲ್ ಆರಂಭದಲ್ಲಿ, ಈರುಳ್ಳಿ ರಫ್ತಿನ ನಿಷೇಧ ಇನ್ನೂ ಜಾರಿಯಲ್ಲಿದ್ದಾಗಲೇ, 2024-25ನೇ ಸಾಲಿಗೆ 35,700 ಟನ್‌ಗೂ ಮಿಕ್ಕಿದ ಈರುಳ್ಳಿಯನ್ನು ಆ ದೇಶಕ್ಕೆ ನಿಗದಿ ಮಾಡಲಾಯಿತು. ಈ ಪ್ರಮಾಣಕ್ಕೆ ಜಾರಿಯಲ್ಲಿರುವ ಅಥವಾ ಮುಂದೆ ಬರಬಹುದಾದ ಯಾವ ನಿಷೇಧವೂ ಅನ್ವಯಿಸದು ಎಂಬುದು ಅದರ ಮುಖ್ಯ ಅಂಶ.

ಕಾಳುಮೆಣಸಿಗೂ ಶ್ರೀಲಂಕಾ ಒಪ್ಪಂದದಲ್ಲಿ ವರ್ಷಕ್ಕೆ 2,500 ಟನ್‌ಗಳ ಸುಂಕರಹಿತ ಮಿತಿಯಿದೆ. ಭೂತಾನದಿಂದ ಹಸಿ ಅಡಿಕೆಯ ಆಮದಿಗೆ 2022ರಲ್ಲಿ ವರ್ಷಕ್ಕೆ 17,000 ಟನ್‌ಗಳ ಮಿತಿಯನ್ನು ಗೊತ್ತುಪಡಿಸಲಾಯಿತು. ಬರುವ ಸರಕಿಗೆ ವಾರ್ಷಿಕ ಪ್ರಮಾಣವನ್ನು ಗೊತ್ತುಪಡಿಸಲು ಸಾಧ್ಯವಾದರೆ ಹೋಗುವ ಸರಕಿಗೂ ಸಾಧ್ಯವಿದೆ. ರೋಸ್ ಈರುಳ್ಳಿಯ ವಾರ್ಷಿಕ ಖಚಿತ ರಫ್ತು ಪ್ರಮಾಣವನ್ನು ಮುಂಗಾರು ಬಿತ್ತನೆಗೆ ಮುನ್ನವೇ ಘೋಷಿಸಿ, ಅದನ್ನು ಮುಂದಿನ ಯಾವುದೇ ನಿಷೇಧದಿಂದ ಹೊರಗಿಡಬೇಕು. ಬೆಳೆಗಾರರ ಸಂಘಟನೆಗಳು ಮತ್ತು ರಾಜ್ಯ ಸರ್ಕಾರವು ಕೇಂದ್ರದ ಮುಂದಿಡಬಹುದಾದ ನಿರ್ದಿಷ್ಟ, ನ್ಯಾಯಯುತ ಬೇಡಿಕೆ ಇದು. ಇದೇ ಚೆನ್ನೈ ಬಂದರನ್ನು ಅವಲಂಬಿಸಿ, ಇದೇ ಆದೇಶಗಳಿಗೆ ಒಳಗಾಗುವ ಕೃಷ್ಣಾಪುರಂ ಈರುಳ್ಳಿ ಬೆಳೆಗಾರರು ಕಡಪ ಜಿಲ್ಲೆಯಲ್ಲಿದ್ದಾರೆ. ನೆರೆಯ ರಾಜ್ಯದ ಅವರೊಡನೆ ಜೊತೆಗೂಡಿ ಕೇಳಿದರೆ ಬೇಡಿಕೆಗೆ ಬಲ ಹೆಚ್ಚು.

ಆಕ್ಷೇಪಗಳಿಗೆ ಉತ್ತರ

ದೇಶದ ಗ್ರಾಹಕನಿಗೆ ಈರುಳ್ಳಿ ದುಬಾರಿಯಾದಾಗ ರಫ್ತಿಗೆ ಅವಕಾಶ ಕೊಡುವುದು ಸರಿಯೇ ಎಂಬ ಪ್ರಶ್ನೆ ಸಹಜ. ಇದನ್ನು ತಳ್ಳಿಹಾಕಬಾರದು. ಆದರೆ ದೇಶದ ವಾರ್ಷಿಕ ಈರುಳ್ಳಿ ಉತ್ಪಾದನೆ 2023-24ರಲ್ಲಿ ಸುಮಾರು 240 ಲಕ್ಷ ಟನ್. 10,000 ಟನ್ ಎಂದರೆ ಅದರ 2,400ರಲ್ಲಿ ಒಂದು ಪಾಲು. ಅದೂ ನಗರದ ಗ್ರಾಹಕನು ಸಾಮಾನ್ಯವಾಗಿ ಕೊಳ್ಳದ ಈರುಳ್ಳಿ. ಅದನ್ನು ತಡೆಹಿಡಿದ ಮಾತ್ರಕ್ಕೆ ಇಂದಿರಾನಗರದ ತರಕಾರಿ ಅಂಗಡಿಯಲ್ಲಿ ಬೆಲೆ ಇಳಿಯದು.

ರೋಸ್ ಈರುಳ್ಳಿಯ ಹೆಸರಿನಲ್ಲಿ ಸಾಮಾನ್ಯ ಈರುಳ್ಳಿಯನ್ನು ಸಾಗಿಸುವ ಅಪಾಯವಿದೆ ಎಂಬುದು ಎರಡನೆಯ ಆಕ್ಷೇಪ. ಇದು ನಿಜವಾದ ಅಪಾಯ. ಆದ್ದರಿಂದಲೇ ವಿನಾಯಿತಿಯ ಆದೇಶಗಳಲ್ಲಿ ಕರ್ನಾಟಕದ ತೋಟಗಾರಿಕೆ ಆಯುಕ್ತರ ಪ್ರಮಾಣಪತ್ರವನ್ನು ಕಡ್ಡಾಯ ಮಾಡಲಾಗಿತ್ತು. ಈ ಪ್ರಮಾಣಪತ್ರದ ವಿಶ್ವಾಸಾರ್ಹತೆಯೇ ನಮ್ಮ ಬೇಡಿಕೆಯ ಆಧಾರ. ಒಬ್ಬರು ಮಾಡುವ ಕಲಬೆರಕೆಯು ಇಡೀ ಪ್ರದೇಶದ ಬೆಳೆಗಾರರ ಅವಕಾಶವನ್ನು ಕೆಡಿಸಬಲ್ಲದು.

ಬೆಳೆಗಾರರಿಗೆ ಸಲಹೆಗಳು

1. ರೋಸ್ ಈರುಳ್ಳಿ ಬೆಳೆದ ಸರ್ವೆ ನಂಬರನ್ನು ಬೆಳೆ ಸಮೀಕ್ಷೆಯಲ್ಲಿ ಸರಿಯಾಗಿ ದಾಖಲಿಸಿರಿ. ಫ್ರೂಟ್ಸ್ ಗುರುತಿನ ಸಂಖ್ಯೆ ಮತ್ತು ಪಹಣಿಯ ವಿವರಗಳು ತಾಳೆಯಾಗುತ್ತಿವೆಯೇ ಎಂದು ನೋಡಿಕೊಳ್ಳಿರಿ. ಸರಕಿನ ಮೂಲವನ್ನು ತೋರಿಸುವ ಪ್ರಸಂಗ ಬಂದಾಗ ಇವೇ ಮೊದಲ ದಾಖಲೆಗಳು.

2. ಬಿತ್ತನೆ ಬೀಜವನ್ನು ಖಚಿತ ಮೂಲದಿಂದ ಪಡೆದು ರಸೀದಿಯನ್ನು ಕಾಯ್ದಿರಿಸಿರಿ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಬಿಂದು ರಫ್ತಿಗೆ ಒಪ್ಪುವ ಸಣ್ಣ ಗೆಡ್ಡೆಯ ತಳಿ. ಕಟಾವಿನ ನಂತರ ಬೇರೆ ಈರುಳ್ಳಿಯೊಡನೆ ಬೆರೆಸದೆ ಪ್ರತ್ಯೇಕವಾಗಿ ಒಣಗಿಸಿ, ವಿಂಗಡಿಸಿರಿ.

3. ಇರುವ ನೀರಾವರಿ ಜಮೀನನ್ನೆಲ್ಲ ಒಂದೇ ಬಾರಿಗೆ ಈ ಬೆಳೆಗೆ ತೊಡಗಿಸದಿರಿ. ನಾಟಿಯನ್ನು ಎರಡು ಮೂರು ವಾರಗಳ ಅಂತರದಲ್ಲಿ ಹಂಚಿದರೆ ಎಲ್ಲ ಸರಕೂ ಒಂದೇ ಆದೇಶಕ್ಕೆ ಸಿಲುಕುವುದು ತಪ್ಪುತ್ತದೆ. ಹಿಂದಿನ ಮೂರು ಆದೇಶಗಳು ಆಗಸ್ಟ್ ಮತ್ತು ಸೆಪ್ಟೆಂಬರ್‌ನಲ್ಲಿ ಬಂದಿರುವುದನ್ನು ನೆನಪಿಡಿರಿ.

4. ಖರೀದಿದಾರರೊಡನೆ ಮಾತುಕತೆ ಮಾಡುವಾಗ ನಿಷೇಧ ಬಂದರೆ ನಷ್ಟವನ್ನು ಯಾರು, ಎಷ್ಟು ಹೊರಬೇಕು ಎಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ. ಬಾಯಿಮಾತಿನ ಒಪ್ಪಂದದಲ್ಲಿ ಭಾರವೆಲ್ಲ ಬೆಳೆಗಾರನ ಹೆಗಲಿಗೇ ಬೀಳುತ್ತದೆ.

5. ಭೌಗೋಳಿಕ ಸೂಚಕದಡಿ ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳಲು ರೈತ ಉತ್ಪಾದಕ ಸಂಸ್ಥೆಯ ಮೂಲಕ ಮುಂದಾಗಿರಿ. ಸೂಚಕದ ನೋಂದಣಿಯನ್ನು ಹತ್ತು ವರ್ಷಕ್ಕೊಮ್ಮೆ ನವೀಕರಿಸಬೇಕಾಗುತ್ತದೆ ಎಂಬುದೂ ಗಮನದಲ್ಲಿರಲಿ. ಸಂಸ್ಥೆಯೇ ಆಮದು ರಫ್ತು ಸಂಕೇತ ಸಂಖ್ಯೆಯನ್ನು ಪಡೆದು ಅಪೇಡಾದಲ್ಲಿ ನೋಂದಾಯಿಸಿಕೊಂಡರೆ ಮಧ್ಯವರ್ತಿಯ ಮೇಲಿನ ಅವಲಂಬನೆ ತಗ್ಗುತ್ತದೆ.

6. ಸಿಂಪಡಿಸಿದ ಔಷಧಿ, ಪ್ರಮಾಣ ಮತ್ತು ದಿನಾಂಕವನ್ನು ಬರೆದಿಡಿರಿ. ಕಟಾವಿಗೆ ಮುನ್ನ ಶಿಫಾರಸು ಮಾಡಿದ ಅಂತರವನ್ನು ಪಾಲಿಸಿರಿ. ಕೊಳ್ಳುವ ದೇಶಗಳು ಔಷಧಿಯ ಉಳಿಕೆಯನ್ನು ಪರೀಕ್ಷಿಸಬಹುದು.

ವಿಸ್ತರಣಾ ಕಾರ್ಯಕರ್ತರ ಗಮನಕ್ಕೆ

ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಅಧಿಸೂಚನೆಯು ಹೊರಬಿದ್ದ ದಿನವೇ ಅದರ ಸಾರಾಂಶವನ್ನು ಕನ್ನಡದಲ್ಲಿ ಬೆಳೆಗಾರರ ಗುಂಪುಗಳಿಗೆ ತಲುಪಿಸುವುದು ತಮ್ಮ ಕರ್ತವ್ಯದ ಭಾಗವಾಗಬೇಕು. ವರ್ತಕರಿಗೆ ಸುದ್ದಿ ಕೆಲವೇ ಗಂಟೆಗಳಲ್ಲಿ ಮುಟ್ಟುತ್ತದೆ. ಬೆಳೆಗಾರನಿಗೆ ಅದು ಬೆಲೆ ಕುಸಿದ ಮೇಲೆ ತಿಳಿಯುತ್ತದೆ. ಈ ಅಂತರವನ್ನು ಮುಚ್ಚಲು ಹಣ ಬೇಕಿಲ್ಲ, ಶಿಸ್ತು ಬೇಕು.

ಪ್ರತಿ ಹೋಬಳಿಯಲ್ಲಿ ರೋಸ್ ಈರುಳ್ಳಿಯ ವಿಸ್ತೀರ್ಣ, ನಾಟಿಯ ವಾರ ಮತ್ತು ನಿರೀಕ್ಷಿತ ಕಟಾವಿನ ವಾರಗಳ ಪಟ್ಟಿಯನ್ನು ಹಂಗಾಮಿನ ಆರಂಭದಲ್ಲಿಯೇ ಸಿದ್ಧಪಡಿಸಿರಿ. ನಿಷೇಧ ಬಂದಾಗ ವಿನಾಯಿತಿ ಕೋರಿ ರಾಜ್ಯವು ಬರೆಯುವ ಪತ್ರಕ್ಕೆ ಇದೇ ಆಧಾರ. ಅಂಕಿ ಅಂಶಗಳು ಕೈಯಲ್ಲಿದ್ದರೆ 30 ದಿನಗಳ ಕೆಲಸ ಒಂದು ವಾರದಲ್ಲಿ ಮುಗಿಯಬಹುದು.

ಕೊನೆಯ ಮಾತು

1986ರಲ್ಲಿ ಏಳು ದೇಶಗಳ ನಾಯಕರು ಬೆಂಗಳೂರಿನಲ್ಲಿ ಕುಳಿತು ಸಹಕಾರದ ಮಾತನಾಡಿದರು. ಅಂದಿನಿಂದ ಸಹಿಯಾದ ಒಪ್ಪಂದಗಳಿಗೆ ಲೆಕ್ಕವುಂಟು. ಆದರೆ ನೆರೆಯ ದೇಶದ ಊಟದ ತಟ್ಟೆಗಾಗಿಯೇ ಬೆಳೆಯುವ ಸಣ್ಣ ಹಿಡುವಳಿದಾರನಿಗೆ ಬೇಕಾದ ಒಂದೇ ಸಾಲು ಅವುಗಳಲ್ಲಿ ಇನ್ನೂ ಸೇರಿಲ್ಲ: ಬಿತ್ತಿದ ಮೇಲೆ ಬಾಗಿಲು ಮುಚ್ಚುವುದಿಲ್ಲ ಎಂಬ ಸಾಲು. ಸುಂಕವಿಲ್ಲದ ಈ ಕಾಲವು ಅದನ್ನು ಕೇಳಲು ತಕ್ಕ ಕಾಲ. ಬೆಲೆ ಏರಿ ನಿಷೇಧ ಬಂದ ಮೇಲೆ ಕೇಳಿದರೆ ಮತ್ತೆ ದೊರೆಯುವುದು ತಡವಾದ ವಿನಾಯಿತಿಯೇ.

ಹೆಚ್ಚಿನ ಮಾಹಿತಿಗಾಗಿ ತಮ್ಮ ತಾಲ್ಲೂಕಿನ ತೋಟಗಾರಿಕೆ ಇಲಾಖೆಯ ಕಚೇರಿಯನ್ನು, ಹತ್ತಿರದ ರೈತ ಸಂಪರ್ಕ ಕೇಂದ್ರವನ್ನು ಅಥವಾ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು.